ಮೇಲ್ಗಾಲುವೆಯ ಒಂಬತ್ತನೆಯ ಪಾಲು

ಟೋಕಿಯೋದ ನಿಶಿ ಕಸಾಯಿಯ ನಮ್ಮ ಮನೆಯಿಂದ ಬೆಳಿಗ್ಗೆ ಆರೂಕಾಲಿಗೆ ಹೊರಟೆ. ಹೊರಡುವಾಗಲೇ ಗಂಡನ ಜೊತೆ ಒಂದು ಸಣ್ಣ ಜಗಳ ಆಯಿತು. ವಿಷಯ ಶೂ. ಜಪಾನಿನಲ್ಲಿ ಮನೆಯೊಳಗೆ ಬಂದವರು ಶೂ ಬಿಚ್ಚಿ, ಅದರ ಮೂತಿಯನ್ನು ಬಾಗಿಲ ಕಡೆಗೆ ತಿರುಗಿಸಿ ಇಡಬೇಕು. ಮತ್ತೆ ಹೊರಡುವಾಗ ಕಾಲು ತೂರಿಸಿ ನೇರ ನಡೆದುಬಿಡಬಹುದು. ಈ ದೇಶಕ್ಕೆ ಬಂದು ಹನ್ನೆರಡು ವರ್ಷವಾದರೂ ನನಗದು ಬಂದಿಲ್ಲ. ಬಿಚ್ಚಿದ ಹಾಗೇ ಬಿಡುತ್ತೇನೆ, ಮೂತಿ ಒಳಗಡೆಗೆ.

"ಪಕ್ಕದ್ಮನೆ ಮೂರ್ ವರ್ಷದ ಮಗು ತಿರುಗ್ಸಿ ಇಡತ್ತೆ ಕಣೇ ಶೈಲಾ," ಅಂದರು ಇವರು, ಹಲ್ಲುಜ್ಜುತ್ತಾ.

"ಹಂಗಿದ್ರೆ ಆ ಮಗೂನೇ ಕರ್ಕೊಂಡ್ ಬಂದು ಎರಡ್ ದಿನ ಅಡುಗೆ ಮಾಡ್ಸ್ಕೊಳ್ಳಿ. ನಾನಂತೂ ಇರಲ್ಲ," ಅಂದು ಹೊಸ ಬಿಳಿ ಶೂ ಹಾಕಿಕೊಂಡು ಬಾಗಿಲು ಎಳೆದುಕೊಂಡೆ.

ನಾನು ಹೊರಟಿದ್ದು ನನ್ನ ಅಕ್ಕನ ಮಗಳು ಮೇಘನಾ ಇರುವ ಕಡೆಗೆ. ಅವಳು ಇಶಿಕಾವಾ ಪ್ರಾಂತದ ನೋಮಿ ಎಂಬ ಊರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಹಳೇ ಕಾಲದ ಕಲ್ಲಿನ ಕಾಲುವೆಗಳಲ್ಲಿ ಎಷ್ಟು ನೀರು ಹರಿಯುತ್ತದೆ, ದಾರಿಯಲ್ಲಿ ಎಷ್ಟು ಸೋರಿಹೋಗುತ್ತದೆ ಎನ್ನುವುದು ಅವಳ ವಿಷಯ. ರೋಮನ್ನರು ಕಟ್ಟಿದ ಮೇಲ್ಗಾಲುವೆಗಳ ಲೆಕ್ಕದಿಂದ ಶುರುಮಾಡಿದವಳು ಕಡೆಗೆ ಬಂದು ನಿಂತಿದ್ದು ಜಪಾನಿನ ಒಂದು ಕಾಡುಹಳ್ಳಿಯ ಕಮಾನುಗಳ ಮುಂದೆ. ಅದರ ಫೋಟೋ ಕಳಿಸಿದ್ದಳು. ಮರಗಳ ಮಧ್ಯೆ ಪಾಚಿಗಟ್ಟಿದ ಕಲ್ಲಿನ ಕಮಾನುಗಳು, ಅವುಗಳ ನೆತ್ತಿಯ ಮೇಲೆ ಕಾಲುವೆ. ಶಾಲೆಯ ಚರಿತ್ರೆ ಪುಸ್ತಕದಲ್ಲಿ ರೋಮ್ ಪಾಠಕ್ಕೆ ಹಾಕಿರುತ್ತಿದ್ದ ಚಿತ್ರವೇ. ಅದನ್ನು ಇಂಟರ್ನೆಟ್ಟಿನ ನನ್ನ ಪುಟದಲ್ಲಿ ಹಾಕಿದಾಗ ಒಬ್ಬರು, "ಮೇಡಂ, ರೋಮನ್ನರು ಜಪಾನಿಗೂ ಬಂದಿದ್ರಾ?" ಎಂದು ಕೇಳಿದ್ದರು. ಇಲ್ಲ ಸ್ವಾಮಿ, ಬಂದಿರಲಿಲ್ಲ. ನೂರು ವರ್ಷಕ್ಕೂ ಹಿಂದೆ ಯಾರೋ ಒಬ್ಬ ಎಂಜಿನಿಯರು ರೋಮಿನ ಚಿತ್ರ ನೋಡಿಕೊಂಡು ಬಂದು ಕಟ್ಟಿಸಿದ್ದು ಎಂದು ಅಲ್ಲಿಯವರು ಹೇಳುತ್ತಾರೆ. ನಮ್ಮ ಮಂಡ್ಯದ ಕಡೆ ನಾಲೆಯನ್ನು ಕಂಬಗಳ ಮೇಲೆ ಹಳ್ಳ ದಾಟಿಸುತ್ತಾರಲ್ಲ, ಅದರದೇ ಅಜ್ಜ ಅಂದುಕೊಳ್ಳಿ.

ಅದು ಕೊರೋನಾದ ಮೂರನೆಯ ವಸಂತ. ಹಿಂದಿನ ಎರಡು ವಸಂತಗಳಲ್ಲಿ ಯೂನಿವರ್ಸಿಟಿಯವರು ಹೊರಗೆ ಬಿಡಲಿಲ್ಲ, ಹಳ್ಳಿಯವರು ಒಳಗೆ ಬಿಡಲಿಲ್ಲ. ಈ ಸಲ ಎರಡೂ ಕಡೆಯಿಂದ ಒಪ್ಪಿಗೆ ಸಿಕ್ಕಿತ್ತು. ಆದರೆ ಕರಡಿ ಕಾಟವಿರುವ ಜಾಗ, ಒಬ್ಬಳೇ ಹೋಗುವಂತಿಲ್ಲ. ಜೊತೆಗೆ ಬರಬೇಕಿದ್ದ ಹುಡುಗಿ ಪಾಸಿಟಿವ್ ಬಂದು ರೂಮಿನಲ್ಲಿ ಬಂದಿಯಾದಳು. ಮೇಘನಾ ನನಗೆ ಫೋನ್ ಮಾಡಿದಾಗ ನಾನು ಪಾರ್ಟ್‌ಟೈಮ್ ಕೆಲಸ ಮಾಡುವ ಇಂಡಿಯನ್ ಅಂಗಡಿಯಲ್ಲಿ ತೊಗರಿಬೇಳೆ ಚೀಲ ಎತ್ತಿಡುತ್ತಿದ್ದೆ.

"ಚಿಕ್ಕಿ, ಸೆಪ್ಟೆಂಬರಿಗೆ ನನ್ ಸ್ಕಾಲರ್‌ಶಿಪ್ ಮುಗಿಯತ್ತೆ. ಆ ಮೇಲ್ಗಾಲುವೇಲಿ ನೀರು ಹರಿಯೋವಾಗ ಒಂದೇ ಒಂದು ರೀಡಿಂಗ್ ಬೇಕು. ಅದಿಲ್ದಿದ್ರೆ ನಾಲ್ಕು ವರ್ಷದ್ದು ಎಲ್ಲಾ ವೇಸ್ಟು. ನೀನು ಸುಮ್ನೆ ಪಕ್ಕದಲ್ಲಿ ನಿಂತ್ಕೊ ಸಾಕು."

ಸುಮ್ಮನೆ ನಿಲ್ಲುವುದು ನನಗೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿದ್ದೂ ಕರೆದಳು ಎಂದರೆ ಬೇರೆ ದಾರಿ ಇರಲಿಲ್ಲ ಎಂದೇ ಅರ್ಥ. ಸ್ಟೇಷನ್ ಹತ್ತಿರದ ಟೆಂಟಿನಲ್ಲಿ ಪುಕ್ಕಟೆ ಟೆಸ್ಟ್ ಮಾಡಿಸಿದೆ. ನೆಗೆಟಿವ್ ಬಂತು. ಪುಳಿಯೋಗರೆ ಕಲಸಿದೆ.

ತೋಝಾಯ್ ಲೈನಿನಲ್ಲಿ ಓತೆಮಾಚಿ, ಅಲ್ಲಿಂದ ಟೋಕಿಯೋ ಸ್ಟೇಷನ್ನಿಗೆ ನಡಿಗೆ. ಕನಜಾವಾಕ್ಕೆ ಶಿಂಕಾನ್ಸೆನ್ ಬುಲೆಟ್ ಟ್ರೇನಿನ ಟಿಕೇಟು ಹದಿನಾಲ್ಕು ಸಾವಿರ ಯೆನ್ ದಾಟಿತು, ಪ್ರಯಾಣ ಎರಡೂವರೆ ಗಂಟೆ. ನಮ್ಮ ಬೋಗಿಯಲ್ಲಿ ಏಳು ಜನ ಇದ್ದೆವು, ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ. ಮಾತಾಡಬೇಡಿ ಎಂದು ಸ್ಪೀಕರು ಮೆತ್ತಗೆ ಹೇಳುತ್ತಿತ್ತು. ಮಾತಾಡುವವರಾದರೂ ಯಾರು? ಮಾಸ್ಕ್ ಕೆಳಗಿಳಿಸಿ ಪುಳಿಯೋಗರೆ ತಿನ್ನುವಾಗ ಇಂಗಿನ ವಾಸನೆ ಎಲ್ಲಿಯವರೆಗೆ ಹೋಯಿತೋ, ನಾಲ್ಕು ಸಾಲು ಮುಂದೆ ಕೂತಿದ್ದವನು ಎದ್ದು ಇನ್ನೂ ಮುಂದೆ ಹೋದ. ನಾಗಾನೋ ಕಳೆದ ಮೇಲೆ ಬರೀ ಸುರಂಗಗಳು. ಹೊರಗೆ ಬಂದಾಗ ಬಲಗಡೆ ಬೂದಿ ಬಣ್ಣದ ಸಮುದ್ರ, ಎಡಗಡೆ ಏಪ್ರಿಲ್ಲಿನಲ್ಲೂ ಹಿಮ ಹೊದ್ದ ಬೆಟ್ಟ.

ಕನಜಾವಾದಿಂದ ಲೋಕಲ್ ಟ್ರೇನಿನಲ್ಲಿ ಅರ್ಧ ಗಂಟೆ. ಮೇಘನಾ ಬಾಡಿಗೆ ಕಾರಿನ ಪಕ್ಕ ನಿಂತಿದ್ದಳು. ತುಂತುರು ಮಳೆ. ಹುಡುಗಿ ಸೊರಗಿದ್ದಳು, ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. ಹಾಸ್ಟೆಲ್ಲಿಗೆ ಅತಿಥಿಗಳನ್ನು ಬಿಡುವುದಿಲ್ಲ, ಹೋಟೆಲಿನೊಳಗೆ ಕೂತು ಊಟ ಮಾಡಲು ಇಬ್ಬರಿಗೂ ಧೈರ್ಯವಿಲ್ಲ. ಕೊಂಬಿನಿ ಎನ್ನುವ ದಿನವಿಡೀ ತೆರೆದಿರುವ ಅಂಗಡಿಯಲ್ಲಿ, ಉಪ್ಪಿನಲ್ಲಿ ಹಾಕಿದ ಹುಳಿಹಣ್ಣಿಟ್ಟ ಅನ್ನದುಂಡೆ ಕೊಂಡು ಅದರ ಪಾರ್ಕಿಂಗಿನಲ್ಲೇ ಕಾರಿನೊಳಗೆ ತಿಂದೆವು. ಅಲ್ಲೇ ಅವಳು ನನಗೆ ಪಾಠ ಮಾಡಿದ್ದು.

"ನೋಡು ಚಿಕ್ಕಿ, ಅಲ್ಲಿ ಒಂಬತ್ತು ಮನೆ ಇದೆ. ಈಗ ಯಾರೂ ವಾಸ ಇಲ್ಲ, ಎಲ್ಲಾ ಸಿಟಿ ಸೇರ್ಕೊಂಡಿದಾರೆ. ಆದ್ರೂ ಕಾಲುವೇನ ಒಂಬತ್ತು ಪಾಲು ಮಾಡಿ ಇಟ್ಕೊಂಡಿದಾರೆ. ಒಂದೊಂದು ಮನೆಗೆ ಒಂದೊಂದು ಪಾಲು. ನಾಟಿಗೆ ಮುಂಚೆ ಅವರವರ ಪಾಲಿನ ಹೂಳು ಅವರವರೇ ತೆಗೀಬೇಕು. ಒಂಬತ್ತೂ ಆದ್ಮೇಲೇನೇ ತೂಬು ಎತ್ತೋದು. ಒಂದು ಬಾಕಿ ಇದ್ರೂ ಎತ್ತಲ್ಲ."

"ಬೇರೆಯವ್ರು ತೆಗೆದ್ರೆ ಏನಾಗತ್ತಂತೆ?"

"ಆಗಲ್ಲ, ಅಷ್ಟೆ. ಈ ವರ್ಷ ನೀರು ಹರೀಲಿಲ್ಲ ಅಂದ್ರೆ ಟೌನ್ ಆಫೀಸ್‌ನವರು ಕಾಲುವೇನೇ ಮುಚ್ಚಿಬಿಡ್ತಾರೆ. ಆಮೇಲೆ ಅದು ಬರೀ ಮ್ಯೂಸಿಯಂ ಪೀಸು." ಅನ್ನದುಂಡೆಯ ಪ್ಲಾಸ್ಟಿಕ್ಕನ್ನು ಮಡಚಿ ಮಡಚಿ ಸಣ್ಣದು ಮಾಡಿದಳು. "ಇನ್ನೊಂದು. ಟೋಕಿಯೋದಿಂದ ಬಂದೆ ಅಂತ ಮಾತ್ರ ಹೇಳ್ಬೇಡ. ಅಲ್ಲಿ ಕೇಸು ಜಾಸ್ತಿ ಅಂತ ಜನ ಹೆದರ್ತಾರೆ. ಕೇಳಿದ್ರೆ ನೋಮಿ ಅನ್ನು."

ರಾತ್ರಿ ನಾನು ಸ್ಟೇಷನ್ ಪಕ್ಕದ ಲಾಡ್ಜಿನಲ್ಲಿ ಮಲಗಿದೆ, ಮರುದಿನ ಬೆಳಿಗ್ಗೆ ಏಳಕ್ಕೆ ಹೊರಟೆವು. ನದಿಯ ಪಕ್ಕದಲ್ಲೇ ರಸ್ತೆ ಏರುತ್ತಾ ಹೋಯಿತು. ಅಣೆಕಟ್ಟಿನ ಸರೋವರ ಕಳೆದು ಎಡಕ್ಕೆ ತಿರುಗಿದ ಮೇಲೆ ಎದುರಿನಿಂದ ಒಂದು ಗಾಡಿಯೂ ಬರಲಿಲ್ಲ. ರಸ್ತೆಯ ಪಕ್ಕದಲ್ಲಿ ಕೊಳಕು ಹಿಮದ ಗುಡ್ಡೆಗಳು. ಒಂದೂಕಾಲು ಗಂಟೆಗೆ ಊರು ಬಂತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮನೆಗಳು ಒಂದೊಂದಾಗಿ ನಾವು ಹತ್ತಿರ ಹೋದಾಗ ಎದ್ದು ನಿಂತು, ದಾಟಿದ ಮೇಲೆ ಅಳಿಸಿಹೋಗುತ್ತಿದ್ದವು. ಕಿಟಕಿಗಳಿಗೆ ಹಲಗೆ ಹೊಡೆದಿತ್ತು. ಟಪಾಲು ಪೆಟ್ಟಿಗೆಗಳ ಬಾಯಿಗೆ ಟೇಪು. ಇಷ್ಟರ ನಡುವೆ ಒಂದು ತಂಪು ಪಾನೀಯದ ಮೆಷೀನು ಮಾತ್ರ ದೀಪ ಉರಿಸಿಕೊಂಡು, ಗುಂಯ್ ಎನ್ನುತ್ತಾ ನಿಂತಿತ್ತು. ಯಾರಿಗೆ ಮಾರುತ್ತದೋ.

ಒಂದು ಬಿಳಿಯ ಪುಟ್ಟ ಟ್ರಕ್ಕು ನಿಂತಿತ್ತು. ಬಾನೆಟ್ ಮುಟ್ಟಿದೆ, ತಣ್ಣಗಿತ್ತು. ಅಷ್ಟರಲ್ಲಿ ನನ್ನ ತಲೆಯ ಮೇಲೇ ಯಾರೋ ಮಾತಾಡಿದರು. ಕಿರುಚಿಕೊಂಡೆ. ಕಂಬದ ಮೇಲಿನ ಸ್ಪೀಕರು. ಟೌನ್ ಆಫೀಸಿನಿಂದ ಹೆಂಗಸೊಬ್ಬಳು, ಮಾಸ್ಕ್ ಹಾಕಿ, ಕೈ ತೊಳೆಯಿರಿ, ಒಂದೆಡೆ ಸೇರಬೇಡಿ ಎಂದು ಆ ಒಂಬತ್ತು ಖಾಲಿ ಮನೆಗಳಿಗೆ ತಿಳಿಹೇಳುತ್ತಿದ್ದಳು. ಹೇಳಿ ಮುಗಿಸಿ ಥ್ಯಾಂಕ್ಸ್ ಬೇರೆ ಹೇಳಿದಳು.

ಮೇಘನಾ ನನ್ನ ಬ್ಯಾಗಿಗೆ ಕರಡಿ ಗಂಟೆ ಕಟ್ಟಿದಳು. ನಡೆದರೆ ಸದ್ದಾಗಬೇಕು, ಕರಡಿಗೆ ನಾವು ಬರುವುದು ಗೊತ್ತಾಗಬೇಕು. "ಹಸುಗೆ ಕಟ್ಟಿದಂಗೆ ಕಟ್ತಿದೀಯಲ್ಲೇ," ಅಂದೆ. "ಕಳ್ದುಹೋದ್ರೆ ಹುಡುಕೋದು ಈಸಿ," ಅಂದಳು.

ಊರಿನ ಕಡೆಯ ಗದ್ದೆಯಿಂದ ಕಾಲುವೆಯ ಪಕ್ಕದಲ್ಲೇ ಕಾಲುದಾರಿ ಮೇಲಕ್ಕೆ ಹೋಗುತ್ತದೆ. ಎರಡಡಿ ಅಗಲದ ಕಲ್ಲಿನ ಕಾಲುವೆ, ಒಣಗಿತ್ತು. ಆದರೆ ಅದರೊಳಗೆ ಒಂದು ಎಲೆ ಇರಲಿಲ್ಲ. ಸುತ್ತ ಕಾಡು ತುಂಬ ವರ್ಷದ ಎಲೆ ಬಿದ್ದಿದೆ, ಕಾಲುವೆ ಮಾತ್ರ ಬಳಿದಿಟ್ಟ ಒಲೆಯ ಹಾಗೆ.

ಹತ್ತು ಹೆಜ್ಜೆ ಹೋದ ಮೇಲೆ ಮೊದಲ ಗೂಟ ಸಿಕ್ಕಿತು. ಅದರ ಮೇಲೆ ಕುಂಚದಲ್ಲಿ ಬರೆದ ಮನೆತನದ ಹೆಸರು. ಗೂಟದ ಬುಡದಲ್ಲಿ ಒಂದು ಜೊತೆ ಕಪ್ಪು ರಬ್ಬರ್ ಬೂಟು. ಜೋಡಿಸಿಟ್ಟಿತ್ತು, ಮೂತಿ ಕಾಲುವೆಯ ಕಡೆಗೆ, ಯಾರೋ ಕಾಣದವರು ಬೂಟಿನೊಳಗೆ ನಿಂತು ಕಾಲುವೆಗೆ ಬಗ್ಗಿದ ಹಾಗೆ. ಬೂಟಿನ ಮೇಲಿನ ಕೆಸರು ಇನ್ನೂ ಒದ್ದೆಯಾಗಿತ್ತು.

"ಯಾರೋ ಇದಾರೆ," ಅಂದೆ.

ಮಂಜಿನೊಳಗೆ ಮೇಲುಗಡೆ ಸದ್ದು ಕೇಳಿಸಿತು. ಕಲ್ಲಿನ ಮೇಲೆ ಗುದ್ದಲಿ ಎಳೆಯುವ ಸದ್ದು, ಖರ್, ಖರ್. ನೆಮ್ಮದಿಯಾಯಿತು. ಸದ್ದು ಹಿಡಿದು ನಡೆದೆವು. ಎರಡನೆಯ ಗೂಟ, ಎರಡನೆಯ ಜೊತೆ ಬೂಟು. ಇದು ಹಸಿರು, ಹೆಂಗಸರ ಅಳತೆ. ಮೂರನೆಯದರಲ್ಲಿ ಮತ್ತೆ ಕಪ್ಪು. ನಾನು ಪ್ರತಿಯೊಂದರ ಫೋಟೋ ತೆಗೆದುಕೊಂಡೆ, ಪುಟಕ್ಕೆ ಬೇಕಾಗುತ್ತದೆ ಅಂತ. ನಾವು ಹತ್ತಿರ ಹೋದ ಹಾಗೆ ಸದ್ದು ಮುಂದಿನ ಪಾಲಿಗೆ ಸರಿಯುತ್ತಿತ್ತು. ನಾವು ನಿಂತರೆ ನಿಲ್ಲುತ್ತಿತ್ತು. ಮೇಘನಾ "ಸುಮಿಮಾಸೆನ್!" ಎಂದು, ಕ್ಷಮಿಸಿ, ಯಾರಿದ್ದೀರಿ ಎನ್ನುವ ಹಾಗೆ ಕೂಗಿದಳು. ನನ್ನ ಗಂಟೆ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಎಂಟನೆಯ ಗೂಟ ದಾಟಿದ ಮೇಲೆ ಆ ಸದ್ದು ಪೂರ್ತಿ ನಿಂತುಹೋಯಿತು.

ಆಗ ಕಮಾನುಗಳು ಕಂಡವು.

ಫೋಟೋದಲ್ಲಿ ನೋಡಿದ್ದು ಏನೂ ಅಲ್ಲ. ಕಣಿವೆಯೊಳಗಿನ ಮಂಜಿನಿಂದ ಕಲ್ಲಿನ ಕಾಲುಗಳು ಎದ್ದು ಬಂದಿದ್ದವು, ಮೂರಂತಸ್ತಿನ ಎತ್ತರ, ಬುಡ ಕಾಣುತ್ತಿರಲಿಲ್ಲ. ಏಳು ಕಮಾನುಗಳಲ್ಲಿ ಐದು ನಿಂತಿವೆ. ಆಚೆ ದಡದ ಎರಡು ಎಂದೋ ಕುಸಿದು, ಆ ಕಡೆಯಿಂದ ಒಂದು ಕಬ್ಬಿಣದ ಕೊಳವೆ, ಅದರ ಪಕ್ಕದಲ್ಲಿ ಒಂದು ಕಿರಿದಾದ ಹಲಗೆಯ ದಾರಿ ಚಾಚಿಕೊಂಡಿವೆ. ಕಮಾನುಗಳ ನೆತ್ತಿಯ ಮೇಲಿನ ಕಾಲುವೆಯೇ ಒಂಬತ್ತನೆಯ ಪಾಲು. ಅದರ ತುಂಬ ಕಪ್ಪು ಕೆಸರು, ಕೊಳೆತ ಎಲೆ, ಮುರಿದ ಟೊಂಗೆ. ಅದರ ಗೂಟ ಇತ್ತು, 'ಒಕಾ' ಎಂಬ ಹೆಸರೂ ಇತ್ತು. ಬೂಟು ಮಾತ್ರ ಇರಲಿಲ್ಲ.

ಮೇಘನಾ ಅಲ್ಲೇ ಕುಕ್ಕರಿಸಿದಳು. "ಒಂದು ಪಾಲು ಆಗಿಲ್ಲ ಚಿಕ್ಕಿ. ಇವತ್ತು ನೀರು ಬಿಡಲ್ಲ."

ಗೂಟದಿಂದ ನಾಲ್ಕು ಹೆಜ್ಜೆ ಆಚೆ, ಕಮಾನಿನ ತಲೆಯ ಹತ್ತಿರ ಒಂದು ಪುಟ್ಟ ಕಲ್ಲಿನ ಗುಡಿ ಇತ್ತು. ಮೊಣಕಾಲೆತ್ತರ, ಸುತ್ತ ಹುಲ್ಲಿನ ಹಗ್ಗ, ಒಳಗೆ ನೀರಿನ ದೇವರು. ನನ್ನ ತಲೆಗೆ ಎಲ್ಲಾ ಹೊಳೆದುಬಿಟ್ಟಿತು. ಓಹೋ, ಅದಕ್ಕೇ ಬೂಟು ಬಿಟ್ಟಿದ್ದಾರೆ! ದೇವರ ಹತ್ತಿರ ಹೋಗುವ ಮುಂಚೆ ಎಲ್ಲರೂ ದಾರಿಯಲ್ಲೇ ಬಿಟ್ಟು ಹೋಗುತ್ತಾರೆ. ನಾನೂ ಒಂಬತ್ತನೆಯ ಗೂಟದ ಬುಡದಲ್ಲಿ, ಬೇರೆಯವರು ಇಟ್ಟ ಹಾಗೆಯೇ ಮೂತಿ ಕಾಲುವೆಯ ಕಡೆಗೆ ಮಾಡಿ, ನನ್ನ ಬಿಳಿ ಶೂ ಬಿಚ್ಚಿಟ್ಟೆ. ಸಾಕ್ಸಿನಲ್ಲೇ ಹೋಗಿ, ಈ ಹುಡುಗಿಗೆ ಒಂದು ನಂಬರ್ ಕೊಡಪ್ಪಾ ಎಂದು ಕೈ ಮುಗಿದೆ. ಜಪಾನಿನಲ್ಲಿ ಬಯಲು ಗುಡಿಯ ಮುಂದೆ ಯಾರೂ ಶೂ ಬಿಡುವುದಿಲ್ಲ. ಹನ್ನೆರಡು ವರ್ಷ ನೋಡಿದ್ದೇನೆ. ಆದರೂ ಕಾಲು ಕೇಳಬೇಕಲ್ಲ.

ಕಣ್ಣು ಬಿಟ್ಟರೆ ಗುಡಿಯ ಹಿಂದೆ ಒಬ್ಬರು ಕೂತಿದ್ದಾರೆ!

ಎಪ್ಪತ್ತು ದಾಟಿದ ಹೆಂಗಸು. ಹೂವಿನ ಬಟ್ಟೆಯ ಟೋಪಿ, ಮಾಸ್ಕು, ಮಡಿಲಲ್ಲಿ ಟೀ ಫ್ಲಾಸ್ಕು. ಮೇಘನಾ ಓಡಿಬಂದು ಬಗ್ಗಿ ಬಗ್ಗಿ ನಮಸ್ಕಾರ ಮಾಡಿದಳು. ಇವರೇ ಮಿನಾಮಿ ಸಾನ್, ಅಂದರೆ ಮಿನಾಮಿಯವರು, ಫೋನಿನಲ್ಲಿ ಒಪ್ಪಿಗೆ ಕೊಟ್ಟಿದ್ದವರು. ಕಾಲುವೆ ನೋಡಿಕೊಳ್ಳುವ ಹೊಣೆ ಈಗ ಅವರದು. ಕೆಳಗಿನ ಪಟ್ಟಣದಲ್ಲಿ ಮನೆ, ದಿನಾ ಬೆಳಿಗ್ಗೆ ಆ ಟ್ರಕ್ಕು ಓಡಿಸಿಕೊಂಡು ಬರುತ್ತಾರೆ. ಅವರ ಮಾತು ನನಗೆ ಅರ್ಧ ಅರ್ಥವಾಯಿತು, ಉಳಿದರ್ಧ ಮೇಘನಾ ಹೇಳಿದಳು.

ಮುಂಚೆ ಹೂಳು ತೆಗೆಯುವ ದಿನ ಎಲ್ಲ ಮನೆಯವರೂ ಸಿಟಿಯಿಂದ ಬರುತ್ತಿದ್ದರು. ಕೊರೋನಾ ಬಂದ ಮೇಲೆ ಯಾರೂ ಬರುವಂತಿಲ್ಲ. ಒಬ್ಬೊಬ್ಬರೂ ಫೋನ್ ಮಾಡಿ, 'ನಮ್ಮ ಬೂಟು ಬಾಗಿಲ ಹಿಂದೆ ಇದೆ, ಹಾಕಿಕೊಂಡು ಮಾಡಿಬಿಡಿ' ಎಂದರಂತೆ. ಆ ಮನೆಯ ಬೂಟು ಹಾಕಿ ಮಾಡಿದರೆ ಆ ಮನೆಯವರೇ ಮಾಡಿದ ಹಾಗೆ. ಹಾಗೆ ಮೂರು ವರ್ಷದಿಂದ ಮಿನಾಮಿ ಸಾನ್ ಒಬ್ಬೊಬ್ಬರ ಬೂಟಿನಲ್ಲಿ ಕಾಲಿಟ್ಟು ಎಲ್ಲರ ಪಾಲೂ ತೆಗೆಯುತ್ತಿದ್ದಾರೆ. ಒಂಬತ್ತನೆಯ ಮನೆಯ ಒಕಾ ಸಾನ್ ಚಳಿಗಾಲದಲ್ಲಿ ಇದೇ ಕಾಯಿಲೆಯಿಂದ ಹೋದರು. ಹಿಂದೆ ಮುಂದೆ ಯಾರೂ ಇಲ್ಲ. ಮನೆ ಖಾಲಿ ಮಾಡುವವರ ಲಾರಿ ಬಂದು ಎಲ್ಲವನ್ನೂ ಒಯ್ದಿತು, ಬೂಟನ್ನೂ.

"ನಾವೇ ಕ್ಲೀನ್ ಮಾಡ್ತೀವಿ ಅಂತ ಕೇಳೇ," ಎಂದು ಮೇಘನಾಳಿಗೆ ಹೇಳಿದೆ.

ಕೇಳಿದಳು. ಮಿನಾಮಿ ಸಾನ್ ತಲೆ ಆಡಿಸಿದರು.

"ಬೂಟಿಲ್ದೆ ಇರೋ ಪಾಲನ್ನ ಮುಟ್ಟಿದ್ರೆ ಅದು ಸತ್ತವರಿಂದ ಕದ್ದಂಗೆ ಅಂತಿದಾರೆ," ಅಂದಳು ಮೇಘನಾ. "ಟೌನ್ ಆಫೀಸಿಗೆ ಮುಚ್ಚೋ ಕಾಗದಕ್ಕೆ ಸೈನ್ ಹಾಕ್ತಾರಂತೆ, ನಾಳೆ."

ನಾನು ಕೇಳಬಾರದಿತ್ತು, ಕೇಳಿದೆ. "ಹಂಗಾದ್ರೆ ಬೆಳಿಗ್ಗೆಯಿಂದ ಯಾರು ಗುದ್ದಲಿ ಎಳೀತಿದ್ದಿದ್ದು? ಇವ್ರೇ ತಾನೆ?"

ಮೇಘನಾ ಅದನ್ನೂ ಕೇಳಿದಳು. ಮಿನಾಮಿ ಸಾನ್ ನಮ್ಮಿಬ್ಬರ ಮುಖ ನೋಡಿದರು. ಎಂಟೂ ಪಾಲು ನಿನ್ನೆಯೇ ಮುಗಿಯಿತಂತೆ. ಇವತ್ತು ಗುದ್ದಲಿ ಮುಟ್ಟಿಲ್ಲವಂತೆ. ನಮ್ಮ ಗಂಟೆಯ ಸದ್ದು ಕೇಳುತ್ತಾ ಅಲ್ಲೇ ಕೂತಿದ್ದರಂತೆ. ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಎದ್ದರು.

ಎದ್ದವರು ಎರಡು ಹೆಜ್ಜೆ ಇಟ್ಟು ಹಾಗೇ ನಿಂತುಬಿಟ್ಟರು. ಒಕಾ ಎಂಬ ಹೆಸರಿನ ಗೂಟದ ಬುಡದಲ್ಲಿ ನನ್ನ ಬಿಳಿ ಶೂ. ಮೂತಿ ಕಾಲುವೆಯ ಕಡೆಗೆ.

ಎಷ್ಟು ಹೊತ್ತು ನೋಡಿದರೋ. ನಾನು "ಸುಮಿಮಾಸೆನ್, ಸುಮಿಮಾಸೆನ್" ಎನ್ನುತ್ತಾ ತೆಗೆಯಲು ಹೋದೆ. ಅವರು ಕೈ ಅಡ್ಡ ಹಿಡಿದರು.

"ಮುಟ್ಬೇಡ ಚಿಕ್ಕಿ!" ಮೇಘನಾ ಪಿಸುಗುಟ್ಟಿದಳು. "ಗೂಟದ ಹತ್ರ ಇಟ್ರೆ ಪಾಲು ಹಿಡಿದಂಗಂತೆ. ಕೆಲ್ಸ ಮುಗಿಯೋವರ್ಗೂ ಅದೇ ಶೂ ಹಾಕಿ ಮಾಡ್ಬೇಕು, ಮುಗಿದ್ಮೇಲೂ ಅಲ್ಲೇ ಬಿಡ್ಬೇಕು. ಯಾಕೆ ಇಟ್ರಿ ಅಂತ ಕೇಳ್ತಿದಾರೆ."

"ದೇವ್ರಿದೆಯಲ್ಲ, ಅದಕ್ಕೆ ಅಂತ ಹೇಳು. ನಮ್ಮೂರಲ್ಲಿ ಹಂಗೇ ಅಂತ ಹೇಳು."

ಹೇಳಿದಳು. ಮಿನಾಮಿ ಸಾನ್ ನನ್ನ ಒದ್ದೆ ಸಾಕ್ಸು ನೋಡಿದರು, ಗುಡಿ ನೋಡಿದರು. ಆಮೇಲೆ ನೇರ ನನ್ನನ್ನೇ ಕೇಳಿದರು. ಎಲ್ಲಿಂದ ಬಂದಿರಿ? ಇದು ನನಗೂ ಅರ್ಥವಾಗುವ ಜಪಾನಿ ಭಾಷೆ. ಮೇಘನಾಳ ಕಣ್ಣು ಮಾಸ್ಕಿನ ಮೇಲಿಂದ 'ನೋಮಿ, ನೋಮಿ' ಎಂದು ಬೇಡುತ್ತಿತ್ತು. ಅವಳ ನಾಲ್ಕು ವರ್ಷದ ಓದು ನನ್ನ ನಾಲಿಗೆಯ ಮೇಲೆ ಕೂತಿತ್ತು. ಆದರೆ ಎದುರಿಗೆ ದೇವರು, ಪಕ್ಕದಲ್ಲಿ, ಟೋಕಿಯೋದಲ್ಲಿ ಹೆಚ್ಚಿರುವ ಅದೇ ಕಾಯಿಲೆಯಿಂದ ಸತ್ತವರ ಹೆಸರು.

"ತೋಕ್ಯೋ," ಅಂದೆ.

ಮಿನಾಮಿ ಸಾನ್ ಎರಡು ಹೆಜ್ಜೆ ಹಿಂದಕ್ಕೆ ಹೋದರು. ಮಾಸ್ಕಿನ ಮೂಗು ಒತ್ತಿಕೊಂಡರು. ಮೇಘನಾ ಕಣ್ಣು ಮುಚ್ಚಿದಳು. ಟೆಸ್ಟಿನ ಕಾಗದವನ್ನು ಫೋನಿನಲ್ಲಿ ತೋರಿಸಿದೆ, ದೂರದಿಂದ ಅದು ಅವರಿಗೇನು ಕಾಣಿಸೀತು? ಕೆಳಗಡೆ ಕಣಿವೆಯಲ್ಲಿ ಎಲ್ಲೋ ಹಿಮ ಕರಗಿ ಜಾರಿದ ಸದ್ದಾಯಿತು. ಕಡೆಗೆ ಅವರು ಗುಡಿಯ ಹಿಂದೆ ಹೋಗಿ ಗುದ್ದಲಿ ತಂದು, ನಮ್ಮಿಬ್ಬರ ನಡುವೆ ನೆಲದ ಮೇಲೆ ಇಟ್ಟು, ಮತ್ತೆ ಹಿಂದೆ ಸರಿದರು.

"ನಾನು ಈಚೆ, ನೀವು ಆಚೆ ಅಂತೆ," ಅಂದಳು ಮೇಘನಾ. ಅವಳಿಗೇ ನಂಬಿಕೆ ಬಂದಿರಲಿಲ್ಲ. "ಪಾಲು ಹಿಡಿಯೋರು ಸುಳ್ಳು ಹೇಳ್ಬಾರ್ದಂತೆ. ನೀನು ಹೇಳಿಲ್ವಂತೆ. ನಾನು ಯಾರು ಅಂತ ಕೇಳ್ತಿದಾರೆ. ಅಕ್ಕನ ಮಗಳು ಅಂದೆ. ಹಂಗಾದ್ರೆ ಒಂದೇ ಮನೆ, ಗುಡಿ ಹಿಂದಿರೋ ಸಲಿಕೆ ನೀನು ತಗೋ ಅಂದ್ರು."

ಮೇಲ್ಗಾಲುವೆಯ ಮೇಲೆ ನಾವಿಬ್ಬರು ಎರಡೂವರೆ ಗಂಟೆ ಕೆಲಸ ಮಾಡಿದೆವು. ನಡೆಯಲು ಕಾಲುವೆ ಬಿಟ್ಟರೆ ಬೇರೆ ಜಾಗವಿಲ್ಲ, ಎರಡೂ ಪಕ್ಕ ಮೊಣಕಾಲೆತ್ತರದ ಕಲ್ಲಿನ ಕಟ್ಟೆ, ಅದರಾಚೆ ಬರೀ ಬಿಳಿ. ಬಗ್ಗಿ ನೋಡಿದರೆ ನೆಲವಿಲ್ಲ. ಎಸೆದ ಕೆಸರು ಕೆಳಗೆ ಬಿದ್ದ ಸದ್ದು ಕೇಳಿಸುವುದಕ್ಕೆ ಮುಂಚೆ ಇನ್ನೊಂದು ಸಲಿಕೆ ತುಂಬಿರುತ್ತಿತ್ತು. ಕೆಸರು ಮಂಜುಗಡ್ಡೆಯ ಹಾಗೆ ಕೊರೆಯುತ್ತಿತ್ತು. ನನ್ನ ಬಿಳಿ ಶೂ ಐದು ನಿಮಿಷದಲ್ಲಿ ಕಪ್ಪಾಯಿತು. ದಡದಿಂದ ಮಿನಾಮಿ ಸಾನ್ ಏನೋ ಕೂಗಿದರು. ಮೇಘನಾ ನಕ್ಕಳು, ಎರಡು ದಿನದಲ್ಲಿ ಮೊದಲ ಸಲ.

"ಗುದ್ದಲೀನ ಸೌಟಿನ ಥರ ಹಿಡ್ದಿದೀಯಂತೆ. ಸಾರು ಕುದಿಸ್ತಿದಾರಾ ಅಂತ ಕೇಳ್ತಿದಾರೆ."

"ಕುದ್ದ್ಮೇಲೆ ಅವ್ರಿಗೂ ಒಂದ್ ಲೋಟ ಕೊಡ್ತೀನಿ ಅನ್ನು."

ನಗುತ್ತಿದ್ದ ಇಬ್ಬರೂ ತಟ್ಟನೆ ತಿರುಗಿ ನೋಡಿದೆವು. ಬೆನ್ನ ಹಿಂದೆ, ಊರಿನ ಕಡೆಯ ಇಳಿಜಾರಿನಲ್ಲಿ, ಮತ್ತೆ ಆ ಸದ್ದು. ಖರ್, ಖರ್. ಈ ಸಲ ಒಂದಲ್ಲ. ಒಂದು ಹತ್ತಿರ, ಒಂದು ದೂರ, ಇನ್ನೊಂದು ಇನ್ನೂ ಕೆಳಗೆ. ನಮ್ಮ ಗುದ್ದಲಿ, ಸಲಿಕೆಗಳ ಜೊತೆಗೆ ತಾಳ ಸೇರಿಸಿದ ಹಾಗೆ. ಕಮಾನುಗಳಿಗೆ ತಗುಲಿ ನಮ್ಮದೇ ಸದ್ದು ಮರಳುತ್ತಿರಬೇಕು ಎಂದಳು ಮೇಘನಾ. ಓದಿದ ಹುಡುಗಿ. ಇಬ್ಬರೂ ಗುದ್ದಲಿ, ಸಲಿಕೆ ಎತ್ತಿ ಹಿಡಿದು ನಿಂತೆವು. ಸದ್ದು ಇನ್ನೂ ಮೂರು ಸಲ ಕೇಳಿಸಿ ಆಮೇಲೆ ನಿಂತಿತು. ಮಿನಾಮಿ ಸಾನ್ ಆ ಕಡೆ ತಿರುಗಿಯೂ ನೋಡಲಿಲ್ಲ. ನಿಮ್ಮ ಪಾಲು ನೋಡಿಕೊಳ್ಳಿ ಎನ್ನುವ ಹಾಗೆ ಕೈ ಬೀಸಿದರು.

ಮುಗಿದಾಗ ಹನ್ನೆರಡೂವರೆ. ಮೇಘನಾ ಟೇಪಿನ ತುಂಡೊಂದರ ಮೇಲೆ ಜಪಾನಿ ಅಕ್ಷರದಲ್ಲಿ ನನ್ನ ಹೆಸರು ಬರೆದು ಒಕಾ ಸಾನ್ ಹೆಸರಿನ ಕೆಳಗೆ ಅಂಟಿಸಿದಳು. ನಾನು ಗೂಟದ ಬುಡದಲ್ಲಿ ಶೂ ಬಿಚ್ಚಿದೆ, ಬೆಳಿಗ್ಗೆ ಇಟ್ಟ ಹಾಗೆಯೇ, ಮೂತಿ ಕಾಲುವೆಗೆ. ಮಿನಾಮಿ ಸಾನ್ ತಮ್ಮ ಚೀಲದಲ್ಲಿದ್ದ, ತೋಟಕ್ಕೆ ಹಾಕುವ ಪ್ಲಾಸ್ಟಿಕ್ ಚಪ್ಪಲಿ ಕೊಟ್ಟರು, ಗುಲಾಬಿ ಬಣ್ಣದ್ದು. ಆಮೇಲೆ ಒಬ್ಬರೇ ಮೇಲ್ಗಾಲುವೆಯ ಮೇಲೆ ನಡೆದು, ಹಲಗೆ ದಾಟಿ, ಆಚೆ ದಡದ ಮಂಜಿನೊಳಗೆ ಹೋದರು. ತೂಬು ಇರುವುದು ಅಲ್ಲಿ.

ಮೇಘನಾ ಕಾಲುವೆಯ ತಲೆಯಲ್ಲಿ ಅಳತೆಯ ಕೋಲು ಇಳಿಸಿದಳು. ಅದರ ತುದಿಯಲ್ಲಿ ಬೆರಳುಗುರಿನಷ್ಟು ಚಕ್ರ, ನೀರು ಬಂದರೆ ತಿರುಗುತ್ತದೆ. ನಾವು ಕಾದೆವು. ಮೊದಲು ಗಾಳಿ ಬಂತು, ಕಾಲುವೆಯೊಳಗಿಂದ, ತಣ್ಣಗೆ. ಆಮೇಲೆ ಕಬ್ಬಿಣದ ಕೊಳವೆ ಕೆಮ್ಮಿತು. ಆಮೇಲೆ ನೀರಿನ ನಾಲಿಗೆಯೊಂದು ಕಲ್ಲಿನ ಮೇಲೆ ತಡವರಿಸಿಕೊಂಡು, ಮುಂದೆ ಕಸಕಡ್ಡಿ ತಳ್ಳಿಕೊಂಡು ನಮ್ಮ ಕಡೆಗೆ ಬಂತು. ಚಕ್ರ ಒಂದು ಸಲ ಅಲುಗಿತು. ನಿಂತಿತು. ಮತ್ತೆ ತಿರುಗಿತು, ಜೋರಾಗಿ ತಿರುಗಿತು.

"ಬಂತು," ಅಂದಳು ಮೇಘನಾ. "ಚಿಕ್ಕಿ, ಬಂತು, ಬರ್ಕೋ, ಟೈಮ್ ಬರ್ಕೋ!" ಎಂದು ಅಳುತ್ತಲೇ ನಂಬರುಗಳನ್ನು ಕೂಗಿದಳು. ನಾನು ಕೆಸರು ಕೈಯಲ್ಲಿ ಬರೆದುಕೊಂಡೆ.

ಇನ್ನೊಂದು ಅಳತೆ ಊರಿನ ಕಡೆಯ ತುದಿಯಲ್ಲಿ ಆಗಬೇಕಿತ್ತು. ದಾರಿಯಲ್ಲಿ ಸೋರಿದ್ದೆಷ್ಟು ಎಂದು ಆಗ ಗೊತ್ತಾಗುವುದು. ನೀರಿನ ಪಕ್ಕದಲ್ಲೇ ಇಬ್ಬರೂ ಕೆಳಗೆ ಓಡಿದೆವು, ಗುಲಾಬಿ ಚಪ್ಪಲಿ ಪಟಪಟ ಎನ್ನುತ್ತಾ, ಕಣ್ಣು ನೀರಿನ ಮೇಲೆಯೇ. ಕೆಳಗಿನ ಅಳತೆಯೂ ಆಯಿತು. ಮಂಜು ಸರಿಯಿತು. ಹಿಂತಿರುಗಿ ನೋಡಿದರೆ ಇಳಿಜಾರಿನ ಉದ್ದಕ್ಕೂ ಬೂಟುಗಳ ಸಾಲು, ಎಲ್ಲಕ್ಕಿಂತ ಮೇಲೆ ನನ್ನ ಶೂ, ಅದರಾಚೆ ಕಮಾನುಗಳು, ಕಮಾನುಗಳಾಚೆ ತೂಬಿನ ಹತ್ತಿರ ಹೂವಿನ ಟೋಪಿಯ ಒಂದು ಚುಕ್ಕಿ. ಫೋನಿನಲ್ಲಿ ಎಳೆದು ಹತ್ತಿರ ಮಾಡಿ ಫೋಟೋ ತೆಗೆದೆ. ಆ ಚುಕ್ಕಿ ಕೈ ಎತ್ತಿತು. ನಾವೂ ಎತ್ತಿದೆವು.

ಸಂಜೆ ನಾಲ್ಕಕ್ಕೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಪುಟಕ್ಕೆ ಹಾಕಲು ಫೋಟೋ ಆರಿಸತೊಡಗಿದೆ. ಬೆಳಿಗ್ಗೆ ತೆಗೆದ ಎಂಟು ಫೋಟೋಗಳು, ಎಂಟು ಜೊತೆ ಬೂಟು, ಮೂತಿ ಕಾಲುವೆಯ ಕಡೆಗೆ. ಮಧ್ಯಾಹ್ನ ಕೆಳಗಿನಿಂದ ತೆಗೆದದ್ದು ಒಂದು. ಅದನ್ನು ದೊಡ್ಡದು ಮಾಡಿದೆ. ಒಂಬತ್ತು ಜೊತೆಯೂ ಊರಿನ ಕಡೆಗೆ ತಿರುಗಿದ್ದವು. ಕೆಲಸ ಮುಗಿಸಿ ಮನೆಗೆ ಹೊರಟವರ ಹಾಗೆ, ಕಾಲು ತೂರಿಸಿದರೆ ಸಾಕು ಅನ್ನುವ ಹಾಗೆ.

"ನೀನು ಯಾವಾಗ ತಿರುಗ್ಸಿದ್ಯೇ ಎಲ್ಲಾನೂ?" ಎಂದು ಕೇಳಿದೆ.

ಮೇಘನಾ ಫೋನ್ ಇಸಿದುಕೊಂಡು ನೋಡಿದಳು. "ನಾನಾ? ನಿನ್ ಜೊತೆನೇ ಓಡ್ಬಂದ್ನಲ್ಲ."

"ನಿಮ್ ಮಿನಾಮಿ ಸಾನ್ ಇರ್ಬೇಕು."

"ಅವ್ರು ಈ ಫೋಟೋದಲ್ಲೇ ಇದಾರಲ್ಲ ಚಿಕ್ಕಿ. ಆಚೆ ದಡದಲ್ಲಿ."

ಕನಜಾವಾ ಕಡೆಯ ಟ್ರೇನು ಬಂತು. ಹತ್ತುವಾಗ ಅವಳು ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡಳು, ಆರಡಿ ದೂರ ಗೀರ ಎಲ್ಲ ಮರೆತು. ಆ ಫೋಟೋಗಳನ್ನು ನಾನು ಪುಟಕ್ಕೆ ಹಾಕಲಿಲ್ಲ. ಯಾಕೆ ಹಾಕಿಲ್ಲ ಎಂದು ಕೇಳಿದವರಿಗೆಲ್ಲ ಇದೇ ಉತ್ತರ.

ನಿಶಿ ಕಸಾಯಿಯಲ್ಲಿ ಬಾಗಿಲು ತೆರೆದ ಗಂಡ ಮೊದಲು ನೋಡಿದ್ದು ನನ್ನ ಕಾಲನ್ನು. "ಹೊಸ ಶೂ ಎಲ್ಲೇ?"

"ಕೆಲ್ಸಕ್ಕೆ ಸೇರ್ಕೊಂಡ್ವು," ಅಂದೆ.

ಗುಲಾಬಿ ಚಪ್ಪಲಿ ಬಿಚ್ಚಿ ಒಳಗೆ ಹೋದೆ. ನಾಲ್ಕು ಹೆಜ್ಜೆ ಹೋದವಳು ವಾಪಸ್ಸು ಬಂದು, ಬಗ್ಗಿ, ಮೂತಿ ಬಾಗಿಲ ಕಡೆಗೆ ಮಾಡಿ ತಿರುಗಿಸಿ ಇಟ್ಟೆ. ಇವರು ಕಣ್ಣರಳಿಸಿದರು, ಹನ್ನೆರಡು ವರ್ಷಕ್ಕೆ ಬುದ್ಧಿ ಬಂತು ಎಂದುಕೊಂಡರೇನೋ. ನಾನು ತಿರುಗಿಸದಿದ್ದರೆ ಬೇರೆ ಯಾರಾದರೂ ತಿರುಗಿಸಿಯಾರು ಎನ್ನುವ ಭಯ ಎಂದು ಅವರಿಗೆ ಹೇಳಲಿಲ್ಲ.